ರೋಗ ಒಂದೇ, ರೋಗಿ ಬೇರೆ ಬೇರೆ

ಈಸೂರು ಎಂದ ಕೂಡಲೆ ನಿಮಗೆ ನೆನಪಾಗುವುದು ೧೯೪೨ನೆಯ ಇಸವಿ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯವರು ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿ, ಹುಡುಗರನ್ನೇ ಅಧಿಕಾರಿಗಳನ್ನಾಗಿ ನೇಮಿಸಿ, ಕಂದಾಯ ಕೊಡುವುದಿಲ್ಲವೆಂದು ನಿಂತರು. ಸೆಪ್ಟೆಂಬರ್ ೨೮ರಂದು ಊರಿಗೆ ಬಂದ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಘರ್ಷಣೆಯಲ್ಲಿ ಮಡಿದರು. ಆಮೇಲೆ ಪೊಲೀಸರೂ ಸೈನ್ಯವೂ ಬಂದು ಊರನ್ನು ಹಾಳುಗೆಡವಿದ್ದು, ಜನ ಕಾಡು ಸೇರಿದ್ದು, ಐದು ಮಂದಿ ನೇಣುಗಂಬವೇರಿದ್ದು ಇವೆಲ್ಲ ನೀವು ಪಾಠಪುಸ್ತಕದಲ್ಲಿ ಓದಿದ, ರೇಡಿಯೋದಲ್ಲಿ ಹಲವು ಸಲ ಕೇಳಿದ ಸಂಗತಿಗಳು. ಅದನ್ನು ಮತ್ತೆ ಹೇಳುವುದಕ್ಕೆ ನಾನು ಹೊರಟಿಲ್ಲ. ಅದೇ ದಿನಗಳಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ನಡೆಯುತ್ತಿದ್ದ ಇನ್ನೊಂದು ಕೆಲಸವನ್ನು ನಿಮ್ಮ ಗಮನಕ್ಕೆ ತರಬೇಕಾಗಿದೆ.

ಈಸೂರಿನವರು ಯಾರ ಮಾತು ನಂಬಿ ಎದ್ದು ನಿಂತಿದ್ದರೋ ಆ ಗಾಂಧೀಜಿ ಆಗಸ್ಟ್ ೯ರಿಂದ ಅಲ್ಲಿ ಬಂದಿಯಾಗಿದ್ದರು. ಆರೇ ದಿನಗಳಲ್ಲಿ, ಆಗಸ್ಟ್ ೧೫ರಂದು, ಮಗನಿಗಿಂತ ಹೆಚ್ಚಾಗಿದ್ದ ಮಹಾದೇವ ದೇಸಾಯಿ ಅವರ ಕಣ್ಣೆದುರಿಗೇ ತೀರಿಕೊಂಡರು. ಅದಾದ ಹದಿಮೂರನೆಯ ದಿನ, ಆಗಸ್ಟ್ ೨೮ರಂದು, ಗಾಂಧೀಜಿ ಒಂದು ಸಣ್ಣ ಪುಸ್ತಕವನ್ನು ಬರೆಯತೊಡಗಿದರು. ಅದು ಮುಗಿದದ್ದು ಡಿಸೆಂಬರ್ ೧೮ಕ್ಕೆ. ರಾಜಕೀಯದ ಪುಸ್ತಕವಲ್ಲ. 'ಆರೋಗ್ಯದ ಕೀಲಿಕೈ' ಎಂದು ಅದರ ಹೆಸರು. ಗಾಳಿ, ನೀರು, ಆಹಾರ, ಮಸಾಲೆ, ಚಹ ಕಾಫಿ, ಹೊಗೆಸೊಪ್ಪು ಇವುಗಳನ್ನು ಕುರಿತು ಮೊದಲ ಭಾಗ. ಮಣ್ಣು, ನೀರು, ಆಕಾಶ, ಬಿಸಿಲು, ಗಾಳಿ ಇವುಗಳಿಂದ ರೋಗ ವಾಸಿಮಾಡುವ ನಿಸರ್ಗೋಪಚಾರವನ್ನು ಕುರಿತು ಎರಡನೆಯ ಭಾಗ.

ದೇಶವೇ ಹೊತ್ತಿ ಉರಿಯುತ್ತಿರುವಾಗ ಹೊಟ್ಟೆಯ ಮೇಲಿಡುವ ಮಣ್ಣಿನ ಪಟ್ಟಿ ಮೂರು ಅಂಗುಲ ಅಗಲ, ಆರು ಅಂಗುಲ ಉದ್ದ, ಅರ್ಧ ಅಂಗುಲ ದಪ್ಪವಿರಬೇಕೆಂದು ಬರೆಯುತ್ತ ಕೂಡುವುದೆ ಎಂದು ಯಾರಿಗಾದರೂ ಅನ್ನಿಸೀತು. ಅವರಿಗೆ ಹಾಗೆ ಅನ್ನಿಸಲಿಲ್ಲ. ೧೯೦೯ರ 'ಹಿಂದ್ ಸ್ವರಾಜ್'ನಲ್ಲಿಯೇ ವಕೀಲರ ಪಕ್ಕದಲ್ಲಿ ಡಾಕ್ಟರರನ್ನೂ ನಿಲ್ಲಿಸಿ ವಿಚಾರಣೆ ಮಾಡಿದವರು ಅವರು. ತನ್ನ ಮೈಯನ್ನು ತಾನೇ ನೋಡಿಕೊಳ್ಳಲಾರದವನು ತನ್ನ ಊರನ್ನು ಏನು ನೋಡಿಕೊಂಡಾನು ಎಂಬುದು ಅವರ ಒಳಗಿನ ತರ್ಕ. ಈ ತರ್ಕವನ್ನು ಒಪ್ಪಬಹುದು, ಬಿಡಬಹುದು. ನಾನು ಪೂರ್ತಿ ಒಪ್ಪಿದವನಲ್ಲ.

ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಬೇರೆ. ಪ್ರಕೃತಿ ಚಿಕಿತ್ಸೆಯನ್ನು ಕುರಿತು ಜನ ಎರಡು ಮಾತು ಹೇಳುತ್ತಾರೆ. 'ಅವರದು ಒಂದೇ ಪಾಠ. ಎಲ್ಲರಿಗೂ ನೀರು, ಎಲ್ಲರಿಗೂ ಮಣ್ಣು, ಎಲ್ಲರಿಗೂ ಉಪವಾಸ' ಎಂಬುದು ಒಂದು. ಇದು ಆಕ್ಷೇಪಣೆ. 'ಅವರ ಹಾಗೆ ಒಬ್ಬೊಬ್ಬ ರೋಗಿಯನ್ನೂ ಬೇರೆಯಾಗಿ ಕೂರಿಸಿಕೊಂಡು ಕೇಳುವವರು ಇಲ್ಲ' ಎಂಬುದು ಇನ್ನೊಂದು. ಇದು ಹೊಗಳಿಕೆ. ಒಂದೇ ವೈದ್ಯಪದ್ಧತಿಯನ್ನು ಕುರಿತು ಇವೆರಡೂ ನಿಜವಾಗುವುದು ಹೇಗೆ? ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ ಎರಡೂ ನಿಜವೆಂದೇ ತೋರುತ್ತದೆ.

ಮೊದಲು ನಮ್ಮ ಮಾತನ್ನೇ ನೋಡೋಣ. ಕನ್ನಡದಲ್ಲಿ 'ಪ್ರಕೃತಿ' ಎಂಬುದಕ್ಕೆ ಎರಡು ಅರ್ಥ ಒಟ್ಟಿಗೇ ಬಾಳುತ್ತಿವೆ. ಗುಡ್ಡ, ಹೊಳೆ, ಬಿಸಿಲು, ಮಳೆ ಪ್ರಕೃತಿ. ಆದರೆ 'ಬದನೆಕಾಯಿ ನನ್ನ ಪ್ರಕೃತಿಗೆ ಆಗುವುದಿಲ್ಲ' ಎಂದು ನಿಮ್ಮ ಮನೆಯ ಹಿರಿಯರು ಹೇಳುವಾಗ ಗುಡ್ಡ ಹೊಳೆಗಳ ಮಾತಿಲ್ಲ. ಅದು ಅವರೊಬ್ಬರ ಮೈಯ ಗುಣ. ಉತ್ತರದ ಕಡೆ 'ಪ್ರಕೃತಿ ಹ್ಯಾಂಗದರಿ?' ಎಂದು ಕೇಳಿದರೆ ಆರೋಗ್ಯ ಹೇಗಿದೆ ಎಂದೇ ಅರ್ಥ. ನಮ್ಮ ಅಡಿಗೆಮನೆಗಳಲ್ಲಿ ಈ ಲೆಕ್ಕ ಇಂದಿಗೂ ನಡೆದಿದೆ. ಒಂದೇ ಪಂಕ್ತಿಯಲ್ಲಿ ಒಬ್ಬನಿಗೆ ಹುರುಳಿ ಕಟ್ಟಿನ ಸಾರು, ಇನ್ನೊಬ್ಬನಿಗೆ ಉಷ್ಣವೆಂದು ಅದು ಬೇಡ. ಒಬ್ಬಳಿಗೆ ಒಂದೆಲಗದ ತಂಬುಳಿ, ನೆಗಡಿಯಾದ ಮಗುವಿಗೆ ಮಾತ್ರ ಜೀರಿಗೆ ಕಷಾಯ. ನನ್ನ ಅಜ್ಜಿ ಎಂಟು ಮಂದಿಯ ಮನೆಯಲ್ಲಿ ಯಾರಿಗೆ ಯಾವುದು ನಂಜು ಎಂಬುದನ್ನು ಬರೆದಿಡದೆ ನೆನಪಿಟ್ಟಿದ್ದಳು. ಅವಳ ವರ್ಗೀಕರಣವೆಲ್ಲ ಸರಿಯಾಗಿತ್ತೆಂದು ನಾನು ವಾದಿಸಲಾರೆ. ಎಂಟು ಮಂದಿಯನ್ನು ಎಂಟು ಮಂದಿಯಾಗಿಯೇ ನೋಡುತ್ತಿದ್ದಳೆಂಬುದು ಮಾತ್ರ ನಿಜ.

ಆಯುರ್ವೇದದಲ್ಲಿ ಇದು ಶಾಸ್ತ್ರವಾಗಿ ಬೆಳೆದಿದೆ. ಚರಕಸಂಹಿತೆ ಮದ್ದು ಕೊಡುವ ಮೊದಲು ರೋಗಿಯನ್ನು ಹತ್ತು ವಿಧದಲ್ಲಿ ಪರೀಕ್ಷೆ ಮಾಡಬೇಕೆನ್ನುತ್ತದೆ. ಅವನ ಪ್ರಕೃತಿ ಯಾವುದು, ಅದು ಎಲ್ಲಿ ಕೆಟ್ಟಿದೆ, ಧಾತುಗಳ ಬಲವೆಷ್ಟು, ಮೈಕಟ್ಟು ಹೇಗಿದೆ, ಅಳತೆಯೇನು, ಯಾವ ಆಹಾರ ರೂಢಿ, ಮನಸ್ಸಿನ ಗಟ್ಟಿತನವೆಷ್ಟು, ಎಷ್ಟು ಉಣ್ಣಬಲ್ಲ, ಎಷ್ಟು ದುಡಿಯಬಲ್ಲ, ವಯಸ್ಸೆಷ್ಟು. ಇವುಗಳಲ್ಲಿ ರೋಗದ ಹೆಸರು ಕೇಳುವ ಪ್ರಶ್ನೆ ಎಷ್ಟು ಕಡಿಮೆ, ಮನುಷ್ಯನನ್ನು ಕೇಳುವ ಪ್ರಶ್ನೆ ಎಷ್ಟು ಹೆಚ್ಚು ನೋಡಿ.

ಈಸೂರಿನ ತಾಲ್ಲೂಕಿನಲ್ಲಿಯೇ ಇದಕ್ಕೆ ಕಲ್ಲಿನ ಸಾಕ್ಷಿಯೊಂದಿದೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಹೋದರೆ ಬಳ್ಳಿಗಾವಿ ಸಿಗುತ್ತದೆ. ಅಲ್ಲಮಪ್ರಭುವಿನ ಹೆಸರಿನೊಡನೆ ಸೇರಿಕೊಂಡಿರುವ ಊರು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯಮಠವು ಕಾಳಾಮುಖ ಯತಿಗಳದು. ಕಳಚುರಿ ಬಿಜ್ಜಳನ ಕಾಲದ, ೧೧೬೨ನೆಯ ಇಸವಿಯ ಶಾಸನವೊಂದು ಈ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಉದ್ದವಾಗಿ ಬಣ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳು, ಯೋಗಶಾಸ್ತ್ರಗಳನ್ನು ಓದುವ ಸ್ಥಳ ಅದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಬೇಡಿ ಬಂದವರು ಎಲ್ಲರಿಗೂ ಅನ್ನವಿಕ್ಕುವ ಸ್ಥಳ. ಅದೇ ಸಾಲಿನಲ್ಲಿ, ದಿಕ್ಕಿಲ್ಲದ ನಾನಾ ರೋಗಿಗಳ ರೋಗಕ್ಕೆ 'ಭೈಷಜ್ಯಸ್ಥಾನ'. ಅಂದರೆ ಮದ್ದಿನ ಮನೆ. ಆಸ್ಪತ್ರೆಯೆಂಬ ಮಾತು ನಮ್ಮಲ್ಲಿ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲು ಶಿಕಾರಿಪುರ ಸೀಮೆಯಲ್ಲಿ ಅನ್ನ, ವಿದ್ಯೆ, ಔಷಧ ಮೂರೂ ಒಂದೇ ಸೂರಿನಡಿ ಸಿಗುತ್ತಿದ್ದವು. ಶಾಸನ ಕಷಾಯದ ಹೆಸರುಗಳನ್ನು ಪಟ್ಟಿಮಾಡುವುದಿಲ್ಲ; ಬಾಗಿಲಿಗೆ ಬಂದ ಜನರನ್ನು ಪಟ್ಟಿಮಾಡುತ್ತದೆ. ಬಳ್ಳಿಗಾವಿಯ ಶಿಲ್ಪಗಳನ್ನು ನೋಡಲು ಹೋಗುವವರು ಈ ಮಾತನ್ನೂ ನೆನಪಿಟ್ಟುಕೊಂಡು ಹೋಗಬೇಕೆಂದು ನನ್ನ ಆಸೆ.

ಹಾಗಿದ್ದರೆ ಇಂದು ನಾವು ಪ್ರಕೃತಿ ಚಿಕಿತ್ಸೆ ಎನ್ನುವುದು ಈ ಪರಂಪರೆಯ ಮುಂದುವರಿಕೆಯೆ? ಅಲ್ಲ. ಅನೇಕರು ಹಾಗೆಂದು ತಿಳಿದಿದ್ದಾರೆ. ಅದು ಬಂದದ್ದು ಜರ್ಮನ್ ಮಾತಾಡುವ ನಾಡುಗಳಿಂದ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸೈಲೀಸಿಯಾದ ಗ್ರೇಫೆನ್‌ಬರ್ಗ್ ಎಂಬ ಗುಡ್ಡದೂರಿನಲ್ಲಿ ವಿನ್ಸೆಂಟ್ ಪ್ರೀಸ್ನಿಟ್ಸ್ ಎಂಬ ರೈತನಿದ್ದ. ತನ್ನ ಮುರಿದ ಪಕ್ಕೆಲುಬಿಗೆ ಒದ್ದೆಬಟ್ಟೆ ಸುತ್ತಿಕೊಂಡು ಗುಣವಾದ ಮೇಲೆ ಅವನು ಊರವರಿಗೂ ತಣ್ಣೀರಿನ ಚಿಕಿತ್ಸೆ ಕೊಡಲಾರಂಭಿಸಿದ. ಶಾಲೆಯ ಓದು ಅಷ್ಟಕ್ಕಷ್ಟೆ. ಆದರೆ ಸ್ನಾನವಾದ ಮೇಲೆ ರೋಗಿಯ ಚರ್ಮ ಕೆಂಪಾಗುತ್ತದೆಯೆ, ನಡುಗುತ್ತದೆಯೆ ಎಂದು ಕಣ್ಣಿಟ್ಟು ನೋಡಿ, ಅದರಂತೆ ಮರುದಿನದ ನೀರನ್ನು ಗೊತ್ತುಮಾಡುತ್ತಿದ್ದ. ಅವನ ಬಳಿಗೆ ರಾಜಮನೆತನದವರೂ ಬಂದರು. ಆಮೇಲೆ ಬವೇರಿಯದ ವೋರಿಸ್‌ಹೋಫೆನ್ ಎಂಬಲ್ಲಿ ಸೆಬಾಸ್ಟಿಯನ್ ಕ್ನೈಪ್ ಎಂಬ ಪಾದ್ರಿ ಈ ಜಲಚಿಕಿತ್ಸೆಯನ್ನು ಮೃದುಮಾಡಿದ. ಆತನ ಪುಸ್ತಕ ೧೮೮೬ರಲ್ಲಿ ಹೊರಬಿತ್ತು. ತಣ್ಣೀರನ್ನು ತಾಳಬಲ್ಲವನಿಗೆ ಎಷ್ಟು, ತಾಳಲಾರದವನಿಗೆ ಎಷ್ಟು ಎಂಬ ವಿವೇಕವೇ ಅವನ ಹೆಚ್ಚುಗಾರಿಕೆ.

ಮೂರನೆಯವನು ಲೈಪ್ಜಿಗ್ ನಗರದ ಲೂಯಿ ಕೂನೆ. ಇವನು ಬೇರೆ ಜಾತಿಯ ಮನುಷ್ಯ. ಕಾರ್ಖಾನೆ ನಡೆಸುತ್ತಿದ್ದವನು ಅದನ್ನು ಬಿಟ್ಟು ೧೮೮೩ರಲ್ಲಿ ಚಿಕಿತ್ಸಾಲಯ ತೆರೆದ. ಕಾರ್ಖಾನೆಯ ಬುದ್ಧಿ ಮಾತ್ರ ಅವನನ್ನು ಬಿಟ್ಟಂತಿಲ್ಲ. ರೋಗ ಇರುವುದೇ ಒಂದು, ಮೈಯಲ್ಲಿ ಸೇರಿದ ಕಲ್ಮಶ. ಚಿಕಿತ್ಸೆಯೂ ಒಂದು, ಆ ಕಲ್ಮಶವನ್ನು ಹೊರಹಾಕುವುದು ಎಂದು ಸಾರಿದ. ತೊಟ್ಟಿಯಲ್ಲಿ ಸೊಂಟದವರೆಗೆ ನೀರು ತುಂಬಿ ಕೂಡುವ ಕಟಿಸ್ನಾನ, ಘರ್ಷಣಸ್ನಾನ, ಆವಿಸ್ನಾನ, ಉಪ್ಪು ಮಸಾಲೆಯಿಲ್ಲದ ಸಸ್ಯಾಹಾರ, ಇಷ್ಟೇ. ಕೆಮ್ಮಿಗೂ ಅದೇ, ಕುಷ್ಠಕ್ಕೂ ಅದೇ. ಇಂದಿನ ತಿಳಿವಳಿಕೆಗೆ ಇದು ನಿಲ್ಲುವ ಮಾತಲ್ಲ. ಕ್ಷಯಕ್ಕೊಂದು ಕ್ರಿಮಿಯುಂಟೆಂದು ರಾಬರ್ಟ್ ಕಾಕ್ ಆ ಹಿಂದಿನ ವರ್ಷವೇ, ೧೮೮೨ರಲ್ಲಿ, ಅದೇ ಜರ್ಮನಿಯಲ್ಲಿ ತೋರಿಸಿಕೊಟ್ಟಿದ್ದ. ಆದರೂ ಕೂನೆಯ ಪುಸ್ತಕ ಲೋಕವೆಲ್ಲ ಸುತ್ತಿತು. ೧೮೯೪ರಲ್ಲಿ ದ್ರೋಣಂರಾಜು ವೆಂಕಟಾಚಲಪತಿ ಶರ್ಮರು ಅದನ್ನು ತೆಲುಗಿಗೆ ತಂದರು. ನಮ್ಮ ದೇಶದ ಪ್ರಕೃತಿ ಚಿಕಿತ್ಸೆಯ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆಂದು ಬಲ್ಲವರ ಮತ. ಡಾಕ್ಟರರಿಲ್ಲದ ಊರಿನಲ್ಲಿ ತೊಟ್ಟಿಯೊಂದು, ಬಾವಿಯೊಂದು ಇದ್ದರೆ ಸಾಕೆಂಬ ಮಾತು ಬಡ ದೇಶಕ್ಕೆ ಎಷ್ಟು ಹಿತವಾಗಿ ಕೇಳಿಸಿರಬೇಕು!

ಹೀಗೆ ಈ ಪದ್ಧತಿಯ ಬುಡದಲ್ಲಿಯೇ ಎರಡು ಬೇರುಗಳಿವೆ. ರೋಗಿಯ ಚರ್ಮವನ್ನು ನೋಡಿ ನೀರಿನ ಅಳತೆ ಬದಲಾಯಿಸಿದ ರೈತನದೊಂದು. ಎಲ್ಲಕ್ಕೂ ಒಂದೇ ತೊಟ್ಟಿ ತೋರಿಸಿದವನದೊಂದು. ಗಾಂಧೀಜಿ ಓದಿದ್ದು ಎರಡನೆಯವನನ್ನು. ಆಡಾಲ್ಫ್ ಜಸ್ಟ್ ಎಂಬ ಇನ್ನೊಬ್ಬ ಜರ್ಮನ್ ಬರೆದ ಪುಸ್ತಕದಿಂದ ಮಣ್ಣಿನ ಪಟ್ಟಿಯನ್ನು ಕಲಿತರು. ಓದಿದ್ದು ಹೀಗಾದರೂ ರೋಗಿಯ ಹಾಸಿಗೆಯ ಪಕ್ಕ ಕುಳಿತಾಗ ಅವರು ಮಾಡಿದ್ದು ಮೊದಲನೆಯವನ ಕೆಲಸ.

ಅವರ ಆತ್ಮಕಥೆಯನ್ನು ಓದಿದವರಿಗೆ ೧೯೦೨ರ ಮುಂಬಯಿಯ ಪ್ರಸಂಗ ನೆನಪಿರಬಹುದು. ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತಜ್ವರ, ಜೊತೆಗೆ ಶ್ವಾಸಕೋಶದ ಬಾವು. ಪಾರ್ಸಿ ಡಾಕ್ಟರರು ಮೊಟ್ಟೆ, ಕೋಳಿಯ ಸಾರು ಕೊಡಬೇಕೆಂದರು. ತಂದೆ ಒಪ್ಪದೆ, ನಾಡಿ ನೋಡುವುದಕ್ಕೆ ಮಾತ್ರ ಬರುತ್ತಿರಬೇಕೆಂದು ಡಾಕ್ಟರರನ್ನು ಬೇಡಿಕೊಂಡು, ಮೂರು ನಿಮಿಷ ಮೀರದ ಕಟಿಸ್ನಾನ, ನೀರು ಬೆರೆಸಿದ ಕಿತ್ತಳೆರಸ ಇವನ್ನು ಹಿಡಿದರು. ಜ್ವರ ೧೦೪ ಡಿಗ್ರಿಗೆ ಏರಿತು. ಒದ್ದೆ ಬಟ್ಟೆ ಸುತ್ತಿ, ಮೇಲೆ ಕಂಬಳಿ ಹೊದಿಸಿ, ಹುಡುಗನನ್ನು ತಾಯಿಯ ವಶಕ್ಕೆ ಬಿಟ್ಟು, ತಾವು ಚೌಪಾಟಿಯ ಕಡೆ ರಾತ್ರಿಯಲ್ಲಿ ರಾಮನಾಮ ಹೇಳುತ್ತ ನಡೆದರು. ಹಿಂದಿರುಗಿ ಬಂದಾಗ ಹುಡುಗ ಬೆವರುತ್ತಿದ್ದ. ಗುಣವಾಗುವುದಕ್ಕೆ ನಲವತ್ತು ದಿನ ಬೇಕಾಯಿತು. ಗುಣವಾದದ್ದು ದೇವರ ದಯದಿಂದಲೋ, ನೀರಿನಿಂದಲೋ, ಪಥ್ಯ ಮತ್ತು ಶುಶ್ರೂಷೆಯಿಂದಲೋ ಯಾರು ಹೇಳಬಲ್ಲರು ಎಂದು ಅವರೇ ಸಂಶಯವನ್ನು ಉಳಿಸಿದ್ದಾರೆ. ಮೂರನೆಯದಕ್ಕೆ ನನ್ನ ಓಟು. ನಲವತ್ತು ದಿನ ಪಕ್ಕದಲ್ಲಿ ಕುಳಿತವರಿದ್ದರು ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಈ ಧೈರ್ಯವನ್ನು ಇಂದು ಯಾರೂ ಅನುಕರಿಸಬಾರದು. ವಿಷಮಶೀತಜ್ವರಕ್ಕೆ ಆಗ ಮದ್ದಿರಲಿಲ್ಲ, ಈಗ ಇದೆ.

೧೯೦೪ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಪ್ಲೇಗು ಬಂದಾಗಲೂ ಹಾಗೆಯೆ. ಇಪ್ಪತ್ತಮೂರು ಮಂದಿ ಭಾರತೀಯ ರೋಗಿಗಳಲ್ಲಿ ಮೂವರಿಗೆ, ಅವರ ಒಪ್ಪಿಗೆ ಪಡೆದು, ತಲೆಗೂ ಎದೆಗೂ ಮಣ್ಣಿನ ಪಟ್ಟಿ ಹಾಕಿದರು. ಇಬ್ಬರು ಉಳಿದರು. ಉಳಿದ ಇಪ್ಪತ್ತು ಮಂದಿಯೂ ಹೋದರು. ಮೂವರಲ್ಲಿ ಇಬ್ಬರು ಎಂಬ ಲೆಕ್ಕದಿಂದ ಮಣ್ಣು ಪ್ಲೇಗಿಗೆ ಮದ್ದೆಂದು ಸಾಧಿಸುವುದಕ್ಕಾಗುವುದಿಲ್ಲ. ಗಾಂಧೀಜಿಯೂ ಇವರು ಹೇಗೆ ಬದುಕಿದರೆಂದು ಹೇಳಲಾಗದೆಂದೇ ಬರೆದರು.

ನನಗೆ ಇನ್ನೂ ಹಿಡಿಸುವುದು ಕಸ್ತೂರಬಾ ಅವರ ಉಪ್ಪಿನ ಕಥೆ. ದಕ್ಷಿಣ ಆಫ್ರಿಕದಲ್ಲಿ ಅವರಿಗೆ ರಕ್ತಸ್ರಾವ ಮರುಕಳಿಸುತ್ತಿತ್ತು. ಉಪ್ಪು, ಬೇಳೆ ಬಿಡೆಂದು ಗಂಡ ಎಷ್ಟು ಹೇಳಿದರೂ ಒಪ್ಪಲಿಲ್ಲ. ನಿಮಗೆ ಹೇಳಿದರೆ ನೀವೂ ಬಿಡುವುದಿಲ್ಲ ಎಂದುಬಿಟ್ಟರು. ಅಲ್ಲಿಗೇ ಗಾಂಧೀಜಿ ಒಂದು ವರ್ಷ ಎರಡನ್ನೂ ಬಿಟ್ಟರು. ಬಾ ಅತ್ತು, ಬೇಡವೆಂದು ಬೇಡಿಕೊಂಡರೂ ಕೇಳಲಿಲ್ಲ. ಉಪ್ಪು ಬಿಟ್ಟದ್ದರಿಂದ ರಕ್ತಸ್ರಾವ ನಿಂತಿತೆಂದು ವೈದ್ಯರು ಒಪ್ಪಲಾರರು. ಆದರೆ ಪಥ್ಯವನ್ನು ವೈದ್ಯನೇ ಮೊದಲು ಮಾಡುವುದು ಯಾವ ಪುಸ್ತಕದಲ್ಲಿದೆ? ಅದು ಆ ಒಬ್ಬ ರೋಗಿಗೆ, ಆ ಒಬ್ಬ ಹೆಂಡತಿಗೆ, ಹೊಳೆದ ಉಪಾಯ. ಸ್ವಲ್ಪ ಹಟವೂ ಅದರಲ್ಲಿ ಇತ್ತೆನ್ನಿ.

ಅವರೇ ರೋಗಿಯಾಗಿ ನಮ್ಮ ನಾಡಿಗೆ ಬಂದದ್ದುಂಟು. ೧೯೨೭ರ ಮಾರ್ಚಿಯಲ್ಲಿ ರಕ್ತದೊತ್ತಡ ಏರಿ ಕುಸಿದಾಗ, ಏಪ್ರಿಲ್‌ನಿಂದ ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ವಿಶ್ರಾಂತಿ ಪಡೆದರು. ಚೇತರಿಸಿಕೊಂಡ ಮೇಲೆ ಶಿವಮೊಗ್ಗ ಸೀಮೆಯಲ್ಲಿಯೂ ತಿರುಗಿ ಸಾಗರದವರೆಗೆ ಬಂದರು. ಅಲ್ಲಿಂದ ಕೂಗಳತೆಯಲ್ಲಿದ್ದ ಜೋಗಕ್ಕೆ ಮಾತ್ರ, ಕಾಕಾ ಕಾಲೇಲ್ಕರರು ಎಷ್ಟು ಕರೆದರೂ, ಹೋಗಲಿಲ್ಲ. ತಮ್ಮ ಮೈಗೆ ಎಷ್ಟು ದುಡಿಮೆ, ಎಷ್ಟು ವಿರಾಮ ಎಂಬ ಲೆಕ್ಕದಲ್ಲಿ ಜಲಪಾತ ಸೇರಿರಲಿಲ್ಲ.

ಈಗ ಮತ್ತೆ ಆಗಾಖಾನ್ ಅರಮನೆಗೆ ಬನ್ನಿ. ೧೯೪೩ರ ಫೆಬ್ರುವರಿ ೧೦ರಂದು ಗಾಂಧೀಜಿ ಇಪ್ಪತ್ತೊಂದು ದಿನಗಳ ಉಪವಾಸ ಹಿಡಿದರು. ಇದು ಸಾಯುವವರೆಗಿನ ಉಪವಾಸವಲ್ಲ, ತಮ್ಮ ಮೈ ತಾಳುವಷ್ಟರ ಉಪವಾಸ ಎಂದು ಮೊದಲೇ ತಿಳಿಸಿದ್ದರು. ನಡುವಿನಲ್ಲಿ ಬರಿಯ ನೀರು ಹೊಟ್ಟೆಯಲ್ಲಿ ನಿಲ್ಲದೆ ಪ್ರಾಣಕ್ಕೇ ಸಂಚಕಾರ ಬಂದಾಗ ನೀರಿಗೆ ಮೂಸಂಬಿ ರಸ ಬೆರೆಸಿಕೊಂಡರು. ನಿಯಮ ದೊಡ್ಡದೋ, ಎದುರಿಗಿರುವ ಮೈ ದೊಡ್ಡದೋ ಎಂಬ ಪ್ರಶ್ನೆಗೆ ಎಪ್ಪತ್ತಮೂರು ವರ್ಷದ ಆ ಹಟಮಾರಿ ಕೊಟ್ಟ ಉತ್ತರ ಇದು. ಉಪವಾಸ ಮುಗಿದದ್ದು ಮಾರ್ಚ್ ೩ರಂದು. ಈಸೂರಿನ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದ್ದು ಅದೇ ತಿಂಗಳ ಎರಡನೆಯ ವಾರ.

ಮರುವರ್ಷ ಕಸ್ತೂರಬಾ ಅದೇ ಅರಮನೆಯಲ್ಲಿ ಹಾಸಿಗೆ ಹಿಡಿದರು. ಪುಣೆಯ ಪ್ರಕೃತಿ ಚಿಕಿತ್ಸಕ ಡಾಕ್ಟರ್ ದಿನಶಾ ಮೆಹತಾ ತಮ್ಮನ್ನು ನೋಡಬೇಕೆಂದು ಅವರ ಆಸೆ; ಆಯುರ್ವೇದದ ವೈದ್ಯರೂ ಬೇಕು. ಗಾಂಧೀಜಿ ಸರ್ಕಾರಕ್ಕೆ ಮೇಲಿಂದ ಮೇಲೆ ಕಾಗದ ಬರೆದು, ರೋಗಿ ಯಾರ ಚಿಕಿತ್ಸೆ ಬಯಸುತ್ತಾಳೋ ಅವರನ್ನು ಬಿಡಬೇಕೆಂದು ಕೇಳಿದರು. ಮೆಹತಾ ಬಂದರು. ಪಂಡಿತ ಶಿವಶರ್ಮರಿಗೆ ರಾತ್ರಿ ಒಳಗಿರಲು ಅಪ್ಪಣೆ ಸಿಗದೆ, ಕರೆದೊಡನೆ ಒದಗಲೆಂದು ಅವರು ಬಾಗಿಲಾಚೆ ತಮ್ಮ ಮೋಟಾರಿನಲ್ಲಿಯೇ ಮಲಗಿದರು. ಡಾಕ್ಟರ್ ಗಿಲ್ಡರ್ ಮತ್ತು ಸುಶೀಲಾ ನಯ್ಯರ್ ಅಲ್ಲಿಯೇ ಸಹಬಂದಿಗಳಾಗಿದ್ದ ಪಾಶ್ಚಾತ್ಯ ವೈದ್ಯರು. ಮೂರು ಪದ್ಧತಿಗಳೂ ಒಂದು ಮಂಚದ ಸುತ್ತ ನಿಂತವು. ಕೊನೆಗೆ ಮಗ ದೇವದಾಸರು ಆಗ ದುರ್ಲಭವಾಗಿದ್ದ ಪೆನಿಸಿಲಿನ್ ತರಿಸಿದಾಗ, ಸಾಯುತ್ತಿರುವ ತಾಯಿಗೆ ಇನ್ನೇಕೆ ಸೂಜಿ ಚುಚ್ಚುವುದು ಎಂದು ತಂದೆ ತಡೆದರು. ೧೯೪೪ರ ಫೆಬ್ರುವರಿ ೨೨ರಂದು ಬಾ ತೀರಿಕೊಂಡರು. ಇದನ್ನು ಹಿಡಿದು ಗಾಂಧೀಜಿಯನ್ನು ನಿಂದಿಸುವವರು ಬಹಳ ಮಂದಿ. ಅವರಿಗೆ ಮಲೇರಿಯ ಬಂದಾಗ ಕ್ವಿನೈನ್ ನುಂಗಿದ್ದನ್ನೂ, ೧೯೨೪ರಲ್ಲಿ ಕರುಳಬಾಲದ ಶಸ್ತ್ರಚಿಕಿತ್ಸೆಗೆ ಒಳಗಾದುದನ್ನೂ ಮುಂದಿಡುತ್ತಾರೆ. ಹೃದಯವೂ ಮೂತ್ರಪಿಂಡವೂ ಸೋತು ಹೋಗಿದ್ದ ಆ ದೇಹಕ್ಕೆ ಪೆನಿಸಿಲಿನ್ ಹೆಚ್ಚೇನೂ ಮಾಡುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಮಗನ ನೋವೂ ಸಣ್ಣದಲ್ಲ.

ಬಿಡುಗಡೆಯಾದ ಮೇಲೆ ಗಾಂಧೀಜಿ ಮೆಹತಾರೊಡನೆ ಪುಣೆಯಲ್ಲಿ ಬಡವರಿಗಾಗಿ ಚಿಕಿತ್ಸಾಲಯ ನಡೆಸಬೇಕೆಂದು ಹೊರಟರು. ೧೯೪೫ರ ನವೆಂಬರ್ ೧೮ರಂದು ಟ್ರಸ್ಟ್ ಆಯಿತು. ಕೆಲವೇ ತಿಂಗಳಲ್ಲಿ, ಹಳ್ಳಿಯ ಬಡವ ಪಟ್ಟಣಕ್ಕೆ ಬಂದು ಚಿಕಿತ್ಸೆ ಪಡೆಯುತ್ತಾನೆಂದು ತಿಳಿದದ್ದು ತಮ್ಮ ಮೂರ್ಖತನವೆಂದು ಬಹಿರಂಗವಾಗಿ ಒಪ್ಪಿಕೊಂಡು, ೧೯೪೬ರ ಮಾರ್ಚಿಯಲ್ಲಿ ಪುಣೆಯ ಬಳಿಯ ಉರುಳಿ ಕಾಂಚನವೆಂಬ ಹಳ್ಳಿಗೆ ಹೋದರು. ಅಲ್ಲಿ ಇದ್ದದ್ದು ಒಂದು ವಾರ. ದೆಹಲಿಯಲ್ಲಿ ಬ್ರಿಟ್ಟಿಷ್ ಮಂತ್ರಿಗಳ ನಿಯೋಗ ಕಾಯುತ್ತಿತ್ತು. ದೇಶದ ಭವಿಷ್ಯ ತಕ್ಕಡಿಯಲ್ಲಿದ್ದ ಆ ವಾರದಲ್ಲಿ ಅವರು ಬೆಳಿಗ್ಗೆ ಹಳ್ಳಿಯ ರೋಗಿಗಳ ನಡುವೆ ಕೂತು ಒಬ್ಬೊಬ್ಬರಿಗೂ ಬೇರೆ ಬೇರೆ ಚೀಟಿ ಬರೆಸಿದರು. ಒಬ್ಬನಿಗೆ ಬಿಸಿಲುಸ್ನಾನ, ಕಟಿಸ್ನಾನ, ಹಣ್ಣಿನ ರಸ. ಇನ್ನೊಬ್ಬನಿಗೆ ಹೊಟ್ಟೆಯ ಮೇಲೆ ಮಣ್ಣು. ಯಾರಿಗೆ ಹಾಲು, ಯಾರಿಗೆ ಬೇಡ. ಎಲ್ಲರಿಗೂ ಸಮಾನವಾದದ್ದು ರಾಮನಾಮವೊಂದೇ. ಆ ಚೀಟಿಗಳು ಅವರ ಸಮಗ್ರ ಬರಹಗಳಲ್ಲಿ ಸೇರಿವೆ. ಅವರು ಹೊರಟ ಮೇಲೆ ಕೆಲಸವನ್ನು ಹೊತ್ತವರು ಮಣಿಭಾಯಿ ದೇಸಾಯಿ. ಅವರು ೧೯೯೩ರಲ್ಲಿ ಸಾಯುವವರೆಗೂ ಆ ಹಳ್ಳಿಯನ್ನು ಬಿಡಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಮಲೆನಾಡಿನವರಿಗೆ ಅನ್ಯಾಯವಾದೀತು. ಶಿಕಾರಿಪುರ, ಸೊರಬ, ಸಾಗರಗಳ ಜನ ತಲೆಮಾರುಗಳ ಕಾಲ ಮಲೇರಿಯಕ್ಕೆ ಬಲಿಯಾದವರು. ಒದ್ದೆಬಟ್ಟೆ ಜ್ವರದ ಬಿಸಿಯನ್ನು ಒಂದಿಷ್ಟು ಇಳಿಸೀತು. ನೆತ್ತರಿನಲ್ಲಿರುವ ಮಲೇರಿಯದ ಜೀವಿಯನ್ನು ಅದು ಮುಟ್ಟಲಾರದು. ಅದಕ್ಕೆ ಕ್ವಿನೈನ್ ಬೇಕಾಯಿತು, ಸೊಳ್ಳೆಗೆ ಡಿಡಿಟಿ ಬೇಕಾಯಿತು. 'ಒಂದೇ ರೋಗ, ಒಂದೇ ಚಿಕಿತ್ಸೆ' ಎಂಬ ಕೂನೆಯ ಮಾತನ್ನು ನಂಬಿ ಕೂತಿದ್ದರೆ ಆ ಹಳ್ಳಿಗಳಲ್ಲಿ ದೀಪ ಹಚ್ಚುವವರು ಇರುತ್ತಿರಲಿಲ್ಲ. ಇನ್ನೊಂದು ನೋಡಿ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಸೀಮೆಯ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಉಣುಗಿನಿಂದ ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು. ಲೋಕದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರು ಸೇರಿದ್ದು ಹೀಗೆ. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಇದನ್ನು ಯಾವ ಅಜ್ಜಿಯೂ ಯಾವ ಕೂನೆಯೂ ಕಂಡುಹಿಡಿಯಲಾರದೆ ಹೋಗುತ್ತಿದ್ದರು, ಪ್ರಯೋಗಶಾಲೆ ಬೇಕಾಯಿತು. ಆದರೆ ವಿಚಿತ್ರವೆಂದರೆ, ವೈರಸ್ಸು ಸಿಕ್ಕಿದ ಮೇಲೂ ಅದನ್ನೇ ಕೊಲ್ಲುವ ಮದ್ದು ಇನ್ನೂ ಸಿಕ್ಕಿಲ್ಲ. ಇಂದಿಗೂ ಮಾಡತಕ್ಕದ್ದು ಮೈಯ ನೀರಿನಂಶ ಕಾಯುವುದು, ರಕ್ತಸ್ರಾವವಾಗದಂತೆ ನೋಡುವುದು, ಗಂಟೆಗಂಟೆಗೆ ಆ ರೋಗಿಯ ಪಕ್ಕದಲ್ಲಿರುವುದು. ಆಸ್ಪತ್ರೆಯಲ್ಲಿಯೇ ಆಗಬೇಕಾದ ಶುಶ್ರೂಷೆ ಅದು.

ಪ್ರಕೃತಿ ಚಿಕಿತ್ಸೆಗೆ ಸಲ್ಲುವ ಜಾಗ ಬೇರೆಯದು. ಬೊಜ್ಜು, ಮಲಬದ್ಧತೆ, ಕೀಲುನೋವು, ಏರಿದ ರಕ್ತದೊತ್ತಡ, ನಿದ್ದೆಗೇಡಿತನ, ಹೀಗೆ ದಿನದಿನದ ನಡೆವಳಿಕೆಯೊಡನೆ ಹೆಣೆದುಕೊಂಡ ತೊಂದರೆಗಳಲ್ಲಿ ಊಟ, ನಿದ್ದೆ, ನಡಿಗೆಗಳನ್ನು ಸರಿಮಾಡುವುದೇ ಅರ್ಧ ಚಿಕಿತ್ಸೆ. ಇಲ್ಲಿ ಮನುಷ್ಯನಿಗೆ ತಕ್ಕಂತೆ ಎಂಬುದು ಅಲಂಕಾರದ ಮಾತಲ್ಲ, ಪ್ರಾಣದ ಪ್ರಶ್ನೆ. ತಣ್ಣೀರು ತಾಗಿದಾಗ ಚರ್ಮದ ರಕ್ತನಾಳಗಳು ಬಿಗಿದು, ಆಮೇಲೆ ಸಡಿಲಗೊಂಡು ಮೈ ಬೆಚ್ಚಗಾಗುತ್ತದೆ. ಗಟ್ಟಿಮುಟ್ಟಾದ ಯುವಕನಿಗೆ ಇದು ಹುರುಪು. ಹೃದಯ ದುರ್ಬಲವಾದ ಮುದುಕನಿಗೆ ಅದೇ ಬಿಗಿತ ಅಪಾಯ. ಒಂದು ದಿನದ ಉಪವಾಸ ಒಬ್ಬನ ಹೊಟ್ಟೆಗೆ ವಿಶ್ರಾಂತಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವನು ಹಾಗೆಯೇ ಉಪವಾಸ ಕೂತರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪೀತು. ಬಸುರಿಗೆ ಉಪವಾಸ ಸಲ್ಲದು. ಮೂತ್ರಪಿಂಡ ಸೋತವನಿಗೆ ಎಳನೀರು, ಹಣ್ಣಿನ ರಸಗಳ ಪೊಟ್ಯಾಸಿಯಂ ಕೂಡ ಕೇಡು ಮಾಡಬಲ್ಲದು. 'ಪ್ರಕೃತಿಯದು, ಆದ್ದರಿಂದ ಎಲ್ಲರಿಗೂ ಒಳ್ಳೆಯದು' ಎನ್ನುವವರು ಆ ಮಾತಿನ ಒಂದು ಅರ್ಥ ಹಿಡಿದು ಇನ್ನೊಂದನ್ನು ಮರೆತವರು.

ಈಚೆಗೆ ಈ ವಿದ್ಯೆ ನಮ್ಮ ನಾಡಿನಲ್ಲಿ ಕಾಲೇಜಿನ ಪಾಠವಾಗಿದೆ. ಧರ್ಮಸ್ಥಳದವರ ಕಾಲೇಜು ಉಜಿರೆಯಲ್ಲಿ ೧೯೮೯ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಸರ್ಕಾರದ ಕಾಲೇಜು ೨೦೦೬ರಲ್ಲಿ. ಪದವಿಗೆ ಐದೂವರೆ ವರ್ಷ ಓದಬೇಕು. ಅಂಗರಚನೆ, ಶರೀರಕ್ರಿಯೆ, ರೋಗನಿದಾನ ಎಲ್ಲವನ್ನೂ ಕಲಿಯಬೇಕು. ಪುಣೆಯಲ್ಲಿ ಗಾಂಧೀಜಿ ತಂಗಿದ್ದ ಮೆಹತಾರ ಚಿಕಿತ್ಸಾಲಯದ ಕಟ್ಟಡದಲ್ಲಿ ೧೯೮೬ರಿಂದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಯಿದೆ. ನವೆಂಬರ್ ೧೮ನ್ನು ೨೦೧೮ರಿಂದ ಪ್ರಕೃತಿ ಚಿಕಿತ್ಸಾ ದಿನವೆಂದು ಆಚರಿಸುತ್ತಾರೆ.

ನೀವೋ ನಿಮ್ಮ ಮನೆಯವರೋ ಇಂಥ ಕಡೆ ಹೋಗುವುದಾದರೆ ಮೊದಲ ದಿನವೇ ಒಂದು ಸಂಗತಿ ಗಮನಿಸಿ. ಒಳ್ಳೆಯ ಕಡೆ ವೈದ್ಯರು ತೊಟ್ಟಿಯನ್ನು ತೋರಿಸುವ ಮೊದಲು ಅರ್ಧ ಗಂಟೆ ನಿಮ್ಮನ್ನು ಕೂರಿಸಿಕೊಂಡು ಕೇಳುತ್ತಾರೆ: ಏನು ಕೆಲಸ, ಎಷ್ಟು ಹೊತ್ತಿಗೆ ಊಟ, ರಾತ್ರಿ ಎಷ್ಟು ಸಲ ಏಳುತ್ತೀರಿ, ಯಾವ ಗುಳಿಗೆ ನುಂಗುತ್ತಿದ್ದೀರಿ. ಆ ಗುಳಿಗೆಯನ್ನು ಬಿಟ್ಟುಬಿಡಿ ಎಂದು ನೋಡದೆಯೇ ಹೇಳುವುದಿಲ್ಲ. ನಿಮ್ಮ ಡಾಕ್ಟರರ ಕಾಗದಗಳನ್ನು ತರಿಸಿ ನೋಡುತ್ತಾರೆ. ಇನ್ನು ಕೆಲವು ಕಡೆ ಬಾಗಿಲಲ್ಲಿಯೇ ಅಚ್ಚುಮಾಡಿಸಿದ ಹಾಳೆಯೊಂದನ್ನು ಕೈಗಿಡುತ್ತಾರೆ. ಹತ್ತು ದಿನ, ಇಂತಿಷ್ಟು ರೂಪಾಯಿ, ಇಂತಿಷ್ಟು ತೂಕ ಇಳಿಕೆ, ಎಲ್ಲರಿಗೂ ಬೆಳಿಗ್ಗೆ ಬೂದುಗುಂಬಳದ ರಸ. ಕೂನೆಯ ತೊಟ್ಟಿ ಅಲ್ಲಿ ಇನ್ನೂ ತುಂಬಿದೆ. ನನ್ನ ಪರಿಚಯದ ಹಿರಿಯರೊಬ್ಬರು ಅಂಥ ಹಾಳೆ ಹಿಡಿದು ಮೂರನೆಯ ದಿನ ತಲೆಸುತ್ತಿ ಬಿದ್ದು ಮನೆಗೆ ಬಂದರು. ಅವರಿಗೆ ರಕ್ತದೊತ್ತಡದ ಗುಳಿಗೆ ನಡೆಯುತ್ತಿತ್ತು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಎರಡನೆಯ ಸಲ ಬೇರೆ ಕಡೆ ಹೋದಾಗ ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿಕೊಂಡು ಹೋದರು. ಅಲ್ಲಿಯ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅವನ್ನೆಲ್ಲ ಓದಿ, ಉಪವಾಸ ನಿಮಗಲ್ಲ ತಾತ ಎಂದು, ಉಪ್ಪು ಕಡಿಮೆ ಮಾಡಿದ ಗಂಜಿ, ಬೇಯಿಸಿದ ತರಕಾರಿ, ಸಂಜೆ ಅರ್ಧ ಗಂಟೆ ನಡಿಗೆ ಬರೆದುಕೊಟ್ಟಳಂತೆ.